ಹೋಗಿ ಬರ್ತೇನೆ ಎನ್ನಬಾರದ ಬಾಗಿಲು

ಗದಗ, ಫೆಬ್ರವರಿ ಮೂವತ್ತು, ೨೨೯೧

ಔಷಧಿ ಹೊರುವ ನ್ಯಾನೋಕಣಗಳನ್ನು ಕಟ್ಟುತ್ತಿರುವ ಮುತ್ತಜ್ಜ, ಮುತ್ತಜ್ಜಿಯರೇ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ನ್ಯಾನೋಕಣಕ್ಕೆ ನಾವು ಹೊರೆಕಣ ಎನ್ನುತ್ತೇವೆ. ಅದನ್ನು ಕಟ್ಟುವುದೇ ನನ್ನ ಉದ್ಯೋಗ.

ಇಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಇನ್ನೂ ಇದೆ, ಬಡಿಯುವುದು ಮಾತ್ರ ಯಂತ್ರ. ಉಂಡ ಮೇಲೆ ಎಲ್ಲರೂ ನಾಡಿಗೋಡೆಗೆ ಅಂಗೈ ಒತ್ತುತ್ತಾರೆ; ರಕ್ತ ಸರಾಗವಾಗಿ ಹರಿಯದಿದ್ದರೆ ಗೋಡೆ ಕೆಂಪಾಗುತ್ತದೆ. ನನ್ನ ಅವ್ವ ಸಂಗವ್ವನಿಗೆ ಅದು ಮತ್ತೆ ಮತ್ತೆ ಕೆಂಪಾಯಿತು. ಆಸ್ಪತ್ರೆಯವರು ಹೃದಯದ ನಾಳವನ್ನು ಅಗಲ ಮಾಡುವುದು, ಅದು ಮತ್ತೆ ಕಟ್ಟಿಕೊಳ್ಳುವುದು, ಇದೇ ಆಯಿತು. ಆಸ್ಪತ್ರೆ ಬಿಡುವಾಗ ‘ಹೋಗಿ ಬರ್ತೇನೆ’ ಎನ್ನಬಾರದೆಂದು ನಿಮಗೂ ಗೊತ್ತು. ಅವ್ವ ಮಾತ್ರ ಪ್ರತಿ ಸಲ ಬಾಗಿಲಲ್ಲಿ ಕೈ ಮುಗಿದು “ಹೋಗಿ ಬರ್ತೇನ್ರೀ” ಎಂದೇ ಹೊರಟಳು. ನರ್ಸುಗಳು ನಾಲಿಗೆ ಕಚ್ಚಿಕೊಂಡರು. ಅಯ್ಯೋ, ತಪ್ಪು ಅವಳ ನಾಲಿಗೆಯದಲ್ಲ, ಹೊರೆಕಣದ್ದು.

ಅಗಲ ಮಾಡಿದಾಗ ನಾಳದ ಒಳಗೋಡೆಗೆ ಗಾಯವಾಗುತ್ತದೆ. ಗಾಯ ಮಾಯಬೇಕು, ಆದರೆ ಮಾಯುವ ಭರದಲ್ಲಿ ಮಾಂಸ ಬೆಳೆದು ದಾರಿ ಮುಚ್ಚಬಾರದು. ಅದನ್ನು ತಡೆಯಲೆಂದು ನಮ್ಮ ಔಷಧ ಮಂಡಳಿ ಒಪ್ಪಿದ ಕಣ ನಾಳದೊಳಗೆ ಹೋದ ಕೂಡಲೇ ಔಷಧಿಯ ಹೊರೆಯನ್ನೆಲ್ಲ ಸುರಿದುಬಿಡುತ್ತದೆ. ಗಾಯ ಮುಚ್ಚಬೇಕಾದ ತೆಳು ಪೊರೆಯೂ ಸುಟ್ಟುಹೋಗುತ್ತದೆ. ಔಷಧಿ ತೀರಿದ ಮೇಲೆ ಹಸಿಗಾಯ ಮತ್ತೆ ಉಬ್ಬುತ್ತದೆ. ನಾನು ಕಟ್ಟಿದ ಕಣ ಗಾಯವಿದ್ದಲ್ಲೇ ಅಂಟಿ, ಔಷಧಿಯನ್ನು ತುಸುತುಸುವೇ ಬಿಟ್ಟು, ಪೊರೆ ಕೂಡಿದ ಮೇಲೆ ತಾನೇ ಕರಗುತ್ತದೆ. ನಿಧಾನದ ಕಣವನ್ನು ಹಿಂದಿನವರೇ ಕೈಬಿಟ್ಟಿದ್ದಾರೆ ಎಂದು ಮಂಡಳಿ ನಕ್ಕಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಾನೂ ಮುಖದ ಮೇಲೇ ಅಂದುಬಂದೆ.

ನಿಲ್ಲಿಸು ಎಂದು ಆಜ್ಞೆ ಬಂದಿದೆ. ನಿಲ್ಲಿಸುವುದಿಲ್ಲ. ಪರವಾನಗಿ ಕಿತ್ತುಕೊಳ್ಳಲಿ, ಜೈಲಿಗೆ ಹಾಕಲಿ. ನಾಳೆ ಅವ್ವನ ನಾಳವನ್ನು ಮತ್ತೆ ತೆರೆಯುತ್ತಾರೆ. ಡಾಕ್ಟರೂ ನನ್ನ ಜೊತೆಗಿದ್ದಾರೆ, ನನ್ನ ಕಣವೇ ಒಳಗೆ ಹೋಗುತ್ತದೆ. ಜೀವಕ್ಕೇ ಅಪಾಯವಾಗಬಹುದು ಎಂದು ಅವ್ವನಿಗೆ ಬಿಡಿಸಿ ಹೇಳಿದೆ. “ನೀ ಕಟ್ಟಿದ್ದ ಹಾಕವಾ. ಮಂಡಳಿಯವರ ಎದಿ ಅಲ್ಲ ಇದು, ನಂದು” ಎಂದಳು. ನನಗೆ ಭಯವಿದೆ. ಆದರೂ ಹಿಂದೆ ಸರಿಯುವವಳಲ್ಲ ನಾನು.

ನಿಮ್ಮ ಮೇಜಿನ ಮೇಲೂ ನಿಧಾನದ ಕಣವೊಂದು ಇದ್ದೀತು. ಅವಸರದವರ ಮಾತು ಕೇಳಿ ಅದನ್ನು ಎಸೆಯಬೇಡಿ. ಇಷ್ಟೇ ನನ್ನ ಬೇಡಿಕೆ.

ಈ ಸಲವೂ ಅವ್ವ ಬಾಗಿಲಲ್ಲಿ ನಿಂತು ಹೋಗಿ ಬರ್ತೇನ್ರೀ ಎನ್ನಲಿ. ಬೇಡವೆನ್ನುವುದಿಲ್ಲ. ಬಂದೇ ಬರುತ್ತಾಳೆ, ನರ್ಸುಗಳಿಗೆ ಹೋಳಿಗೆ ಡಬ್ಬಿ ಹಿಡಿದುಕೊಂಡು.

ನಿಮ್ಮ ಮರಿಮಗಳು,
ನೀಲಾಂಬಿಕೆ