ಹಳೆಯ ಕ್ಯಾಮೆರಾ ನನಗಿರಲಿ

ರಾಯಚೂರು
9 ನವೆಂಬರ್ 2025

ಹುಲಿಗೇಶ ಅವರಿಗೆ,

ಜೈ ಭೀಮ್. ಕಾಗದದ ಮೊದಲ ಸಾಲಿನಲ್ಲೇ ನಿಮ್ಮ ಹೆಸರು ಕಂಡು ಹುಬ್ಬು ಗಂಟಿಕ್ಕಬೇಡಿ. ಏಳು ವರ್ಷ "ರೀ" ಎಂದೇ ಕರೆದೆ. ಈಗ ಹಾಗೆ ಕರೆಯಲು ಬಾಯಿ ಬರುವುದಿಲ್ಲ. ಹೆಸರಾದರೆ ಯಾರು ಬೇಕಾದರೂ ಕರೆಯಬಹುದು, ನಾನೂ ಕರೆಯುತ್ತೇನೆ. ಫೋನಿನಲ್ಲೇ ನಾಲ್ಕು ಸಾಲು ಹಾಕಬಹುದಿತ್ತಲ್ಲ ಎಂದು ಕನಕಮ್ಮಕ್ಕ ಅಂದಳು. ನನ್ನಿಂದ ನಿಮ್ಮ ಫೋನಿಗೆ ಹೋದದ್ದು ಸಾಕಾಗಿದೆ. ಅದಕ್ಕೇ ಪೆನ್ನು ಹಿಡಿದೆ.

ನಿಮ್ಮ ತಮ್ಮ ತಿರುಪತಿ ಮೊನ್ನೆ ನಾನಿರುವ ಕನಕಮ್ಮಕ್ಕನ ಮನೆಗೆ ಬಂದು ನಿಮ್ಮ ಮಾತು ಮುಟ್ಟಿಸಿದ. ಮಾನ್ವಿಯ ನಮ್ಮ ಸ್ಟುಡಿಯೋದಲ್ಲಿರುವ ಎರಡು ಕ್ಯಾಮೆರಾಗಳಲ್ಲಿ ಒಂದು ನಿಮಗೆ, ಒಂದು ನನಗೆ. ಯಾವುದು ಬೇಕೆಂದು ನಾನೇ ಹೇಳಬೇಕಂತೆ. "ಅಣ್ಣ ದೊಡ್ಡ ಮನಸು ಮಾಡ್ಯಾನ ಅತ್ತಿಗೀ, ಹೊಸಾದು ಕೇಳಿದ್ರೂ ಇಲ್ಲ ಅನ್ನಂಗಿಲ್ಲ" ಎಂದ ಪಾಪ. ನಿಮ್ಮ ದೊಡ್ಡ ಮನಸ್ಸನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನಗೆ ಹಳೆಯದು ಕೊಡಿ.

ಹೊಸದನ್ನು ಬಳಸಲು ಬರದೆ ಹಳೆಯದಕ್ಕೆ ಜೋತುಬಿದ್ದಿದ್ದಾಳೆ ಎಂದು ಗಿರಾಕಿಗಳ ಮುಂದೆ ನೀವು ನಗಬಾರದು. ಅದಕ್ಕೆ ಹೊಸದರ ಗುಣವನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಎರಡೂ ಕಲಿಯುವವರಿಗೆಂದು ಮಾಡಿದ ಸಣ್ಣ ಮಿರರ್‌ಲೆಸ್ ಕ್ಯಾಮೆರಾಗಳೇ, ನಡುವೆ ಒಂಬತ್ತು ವರ್ಷದ ಅಂತರ. ಹೊಸದು ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಮದುಮಗಳು ಮುಖದ ಮೇಲೆ ಹೂವಿನ ಸೆಹರಾ ಇಳಿಬಿಟ್ಟು ಕೂತಿದ್ದರೂ ಮಲ್ಲಿಗೆ ಎಳೆಗಳ ನಡುವಿನ ಕಣ್ಣು ಅದಕ್ಕೆ ಸಿಗುತ್ತದೆ. ಹಳೆಯದು ಅದೇ ಜಾಗದಲ್ಲಿ ಹೂವಿಗೆ ಫೋಕಸ್ ಕೊಟ್ಟು ಮದುಮಗಳನ್ನು ಮಸುಕು ಮಾಡುತ್ತದೆ. ಒಂದೇ ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಹಳೆಯದರ ಫೋಟೋ ಮೇಲೆಲ್ಲ ರವೆ ಚೆಲ್ಲಿದಂತಿರುತ್ತದೆ. ಹೊಸದರಲ್ಲಿ ಕೆನ್ನೆ ಕೆನ್ನೆಯ ಹಾಗೇ ಬರುತ್ತದೆ. ಹಳೆಯದರ ಬ್ಯಾಟರಿ ಊಟದ ಹೊತ್ತಿಗೆ ಮುಗಿಯುತ್ತದೆ, ಹಿಡಿಕೆಯ ರಬ್ಬರು ಎದ್ದಿದೆ, ಹತ್ತು ನಿಮಿಷ ವಿಡಿಯೋ ಮಾಡಿದರೆ ಮೈ ಕಾದು ತಾನೇ ಆರಿಹೋಗುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲಿ ಮನುಷ್ಯರೇ ಆರಿಹೋಗುತ್ತಾರೆ, ಅದನ್ನು ದೂರಿ ಫಲವಿಲ್ಲ.

ಹಳೆಯದಕ್ಕೆ ಇರುವುದು ಒಂದೇ ಗುಣ. ತೆಗೆದದ್ದನ್ನು ಕಾರ್ಡಿನಲ್ಲಿ ಇಡುತ್ತದೆ, ಅಷ್ಟೇ. ಕಾರ್ಡು ಹೊರಗೆ ತೆಗೆದರೆ ಅದರ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಬೇರೆ ಯಾರಿಗೂ ಅದು ಏನನ್ನೂ ಮುಟ್ಟಿಸುವುದಿಲ್ಲ. ನನ್ನ ಕೆಲಸ ನಿಂತಿದ್ದೇ ಆ ಗುಣದ ಮೇಲೆ.

ನಿಮಗೆ ನೆನಪಿದೆಯೋ ಇಲ್ಲವೋ, ಮೊದಲ ವರ್ಷಗಳಲ್ಲಿ ಮಾನ್ವಿ ಸುತ್ತಲಿನ ಊರುಗಳಲ್ಲಿ ನಮ್ಮ ಕ್ಯಾಮೆರಾ ಒಳಗೆ ಬರಬಹುದಿತ್ತು, ನಾವು ಬರುವಂತಿರಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಕಾಗದದ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರು. ಹಿರೇಕೊಟ್ನೆಕಲ್‌ನ ಒಂದು ಮನೆಯಲ್ಲಂತೂ ನಾನು ಕೂತೆದ್ದ ಕುರ್ಚಿಗೆ ನೀರು ಹಾಕಿದರು. ಅಂಥ ದಿನಗಳಲ್ಲಿ ರಾಯಚೂರಿನ ರಂಜಾನಬಿ ತಮ್ಮ ತಂಗಿಯ ಮಗಳ ಮದುವೆಗೆ ಹೆಣ್ಣುಮಗಳು ಫೋಟೋಗ್ರಾಫರ್ ಬೇಕೆಂದು ಹುಡುಕಿಕೊಂಡು ಬಂದರು. ಗಂಡಸರ ಕಡೆ ಬಾಡಿಗೆ ಕ್ಯಾಮೆರಾ ಹಿಡಿದು ನೀವು, ಪರದೆಯ ಈಚೆ ಹೆಂಗಸರ ಕಡೆ ನಾನು. ಊಟದ ಹೊತ್ತಿಗೆ ನಾನು ಅಭ್ಯಾಸದಂತೆ ಬಾಗಿಲ ಹೊರಗೆ ಹೋಗಿ ನಿಂತೆ. ರಂಜಾನಬಿ ಕೈ ಹಿಡಿದು ಒಳಗೆಳೆದು, "ಎಲ್ಲಿ ಹೊಂಟಿ ಬೇಟಿ, ಇಲ್ಲಿ ಕೂಡು" ಎಂದು ತಮ್ಮ ತಟ್ಟೆಯ ಪಕ್ಕದಲ್ಲೇ ಕೂರಿಸಿಕೊಂಡರು. ಆ ದಿನದ ಅನ್ನದ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ.

ಅವರ ಶರತ್ತು ಒಂದೇ ಆಗಿತ್ತು. ಹೆಂಗಸರ ಫೋಟೋ ಬೇರೆ ಗಂಡಸರು ಯಾರೂ ನೋಡಬಾರದು. ನೀವೂ ನೋಡಬಾರದು. ಕಾರ್ಯ ಮುಗಿದ ಕೂಡಲೇ ಎಲ್ಲರೆದುರು ಕ್ಯಾಮೆರಾದಿಂದ ಕಾರ್ಡು ತೆಗೆದು ಅವರ ಕೈಗೆ ಕೊಡುತ್ತಿದ್ದೆ, ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಪ್ರಿಂಟ್ ಹಾಕುವ ದಿನ ಅವರ ಮನೆಯ ಹೆಂಗಸೊಬ್ಬಳು ಕಾರ್ಡು ತಂದು ನನ್ನ ಪಕ್ಕದಲ್ಲೇ ಕೂತು, ಮುಗಿದ ಮೇಲೆ ಮತ್ತೆ ಒಯ್ಯುತ್ತಿದ್ದಳು. ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹೋಗಿ ಮಲ್ಲಟದಿಂದ, ದೇವದುರ್ಗದಿಂದ ಕರೆ ಬಂದವು. ಆದರೂ ನೀವು ಅಂದದ್ದೇನು? "ಒಳಮನಿ ಫೋಟೋದಾಗ ಏನಿರ್ತದ, ಬರೇ ಬಳಿ, ಬರೇ ಸೀರಿ." ನಾನು ತೆಗೆದ ಬೇರೆ ಫೋಟೋಗಳನ್ನೂ ನೀವು ಹಾಗೇ ಮಗುಚಿ ಹಾಕುತ್ತಿದ್ದಿರಿ. ಮೂಲೆಯಲ್ಲಿ ಹುಲಿಗೇಶ್ ಸ್ಟುಡಿಯೋ ಎಂದು ಅಚ್ಚು ಬೀಳಬೇಕಾದಾಗ ಮಾತ್ರ ಅವು ನಿಮ್ಮವಾಗುತ್ತಿದ್ದವು.

ಈ ಏಪ್ರಿಲ್‌ನಲ್ಲಿ ಹೊಸ ಕ್ಯಾಮೆರಾ ತಂದಿರಿ. ತಂದವರೇ ನನ್ನ ಕೈಗಿಟ್ಟು, "ನೀನ ಹಿಡಿ, ನಿಂದ ಇದು" ಎಂದಿರಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಅದನ್ನು ನಿಮ್ಮ ಫೋನಿಗೆ ಜೋಡಿಸಿದ್ದನ್ನು ಮಾತ್ರ ಹೇಳಲಿಲ್ಲ. ಫೋನು ಹತ್ತಿರದಲ್ಲಿದ್ದರೆ ಸಾಕು, ತೆಗೆದ ಪ್ರತಿ ಫೋಟೋದ ಒಂದು ಸಣ್ಣ ನಕಲನ್ನು ಅದು ತಾನೇ ಕಳಿಸುತ್ತದೆ. ನಾನು ಇತ್ತ ರಂಜಾನಬಿಯ ಕೈಗೆ ಕಾರ್ಡು ಕೊಡುತ್ತಿದ್ದೆ. ಅತ್ತ ಪರದೆಯ ಆಚೆ ನಿಂತ ನಿಮ್ಮ ಜೇಬಿಗೆ ಅಷ್ಟೂ ಹೆಂಗಸರು ಬಂದು ಸೇರಿದ್ದರು.

ಮೇ ತಿಂಗಳಲ್ಲಿ ರಂಜಾನಬಿಯ ದೊಡ್ಡ ಮಗಳ ಹಳದಿ ಕಾರ್ಯ. ಚಿಕ್ಕವಳು ಸಮ್ರೀನ್ ಅಕ್ಕನಿಗೆ ಅರಿಶಿನ ಹಚ್ಚಲು ಹೋಗಿ ತಾನೇ ಬಟ್ಟಲ ಮೇಲೆ ಬಿದ್ದಳು. ಕೂದಲು ಬಿಚ್ಚಿ ಹೋಗಿತ್ತು, ಮೂಗಿನ ತುಂಬ ಅರಿಶಿನ, ಕತ್ತು ಹಿಂದಕ್ಕೆ ಎತ್ತಿ ನಕ್ಕಳು ನೋಡಿ, ಆ ನಗು ಅರೆಗಳಿಗೆಯದು. ಹಳೆಯ ಕ್ಯಾಮೆರಾ ಆಗಿದ್ದರೆ ಇನ್ನೂ ಫೋಕಸ್ ಹುಡುಕುತ್ತ ಇರುತ್ತಿತ್ತು. ಹೊಸದು ಹಿಡಿಯಿತು. ನಾನು ಇಷ್ಟು ವರ್ಷದಲ್ಲಿ ತೆಗೆದ ಎಲ್ಲ ಫೋಟೋಗಳಲ್ಲಿ ಅದೇ ಒಳ್ಳೆಯದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದೇ ಒಳ್ಳೆಯದು.

ಸೆಪ್ಟೆಂಬರಿನಲ್ಲಿ ನೀವು ದೇವದುರ್ಗದಲ್ಲಿ ಎರಡನೇ ಅಂಗಡಿ ತೆರೆದು ಆ ಫೋಟೋವನ್ನು ಹತ್ತು ಅಡಿ ಫ್ಲೆಕ್ಸ್ ಮಾಡಿಸಿ ಬಾಗಿಲ ಮೇಲೆ ಕಟ್ಟಿದಿರಿ. ರಾಯಚೂರಿನವರು ದೇವದುರ್ಗಕ್ಕೆ ಯಾಕೆ ಬರುತ್ತಾರೆ ಅಂದುಕೊಂಡಿರಿ. ರಂಜಾನಬಿಯ ಮೈದುನ ಅಮೀರ್ ಸಾಬ್ ಹತ್ತಿ ವ್ಯಾಪಾರದವರು, ಸುಗ್ಗಿಯಲ್ಲಿ ವಾರಕ್ಕೆ ಎರಡು ಸಲ ಅಲ್ಲಿರುತ್ತಾರೆ. ಅವರು ಅಂಗಡಿಗೆ ಬಂದು ಇದು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದಾಗ ನೀವು ಕೈ ಮುಗಿದು, "ನನಗೇನ್ ಗೊತ್ತ್ರೀ ಸಾಹೇಬ್ರ, ನನ್ನ ಹೆಂಡ್ತಿನ ಕೊಟ್ಟಾಳ" ಎಂದಿರಂತೆ.

ಆ ಒಂದು ಮಾತಿಗೆ ನಾನು ಮನೆ ಬಿಟ್ಟೆ. ಫ್ಲೆಕ್ಸಿಗಲ್ಲ. ಫ್ಲೆಕ್ಸ್ ನಿಮ್ಮ ಬುದ್ಧಿಗೇಡಿತನ ಎಂದು ನಾಲ್ಕು ದಿನ ಜಗಳಾಡಿ ಸುಮ್ಮನಾಗುತ್ತಿದ್ದೆನೇನೋ. ನಾನು ಮುಖದ ಮೇಲೆ ಕೇಳಿದಾಗಲೂ ನಿಮ್ಮದು ಅದೇ ರಾಗ. "ಕ್ಯಾಮೆರಾ ತಾನ ಕಳಸ್ತದ, ನಾ ಏನ್ ಕದ್ದೀನೇನು? ಮುಖ ಒಂದ ಕಾಣ್ತದ, ಅದರಾಗ ಏನು ಹೋಯ್ತು ಅವರದು?"

ಏನು ಹೋಯಿತು ಎಂದು ಹೇಳುತ್ತೇನೆ, ಕೇಳಿ. ನಾನಿನ್ನೂ ಮನೆ ಬಿಡುವ ಮುಂಚೆ ರಂಜಾನಬಿ ಸಮ್ರೀನ್‌ಳನ್ನೂ ಕರೆದುಕೊಂಡು ಮಾನ್ವಿಗೆ ಬಂದಿದ್ದರು. ನೀವು ಹಿಂಬಾಗಿಲಿನಿಂದ ಜಾರಿಕೊಂಡಿದ್ದಿರಿ. ಅವರು ಕೂಗಾಡಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹಳದಿ ಕಾರ್ಯದ ಆಲ್ಬಮ್ ಅನ್ನು ಮೇಜಿನ ಮೇಲಿಟ್ಟು, "ನೀ ಹೆಣ್ಮಗಳು ಅಂತ ನಾವು ಬುರ್ಖಾ ತೆಗದು ಕುಂತಿದ್ವಿ ಬೇಟಿ. ನಿನ್ನ ಹಿಂದ ಗಂಡ್ಸು ನಿಂತಾನಂತ ನಮಗೇನ್ ಗೊತ್ತು?" ಎಂದರು. ಸಮ್ರೀನ್ ಬಾಗಿಲ ಬಳಿಯೇ ನಿಂತಿದ್ದಳು. ಕೇಳಿದ್ದು ಒಂದೇ ಮಾತು. "ಅಕ್ಕಾ, ಎಷ್ಟು ಮಂದಿ ನೋಡ್ಯಾರ?" ದೇವದುರ್ಗದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಹದಿನೆಂಟು ದಿನ ತೂಗಿದ ಫ್ಲೆಕ್ಸನ್ನು ಎಷ್ಟು ಜನ ನೋಡಿರಬಹುದು? ನಿಮಗೆ ಲೆಕ್ಕ ಗೊತ್ತಿದ್ದರೆ ಹೇಳಿ, ಅವಳಿಗೆ ಮುಟ್ಟಿಸುತ್ತೇನೆ.

ನಾನು ರಂಜಾನಬಿಯ ಕಾಲು ಮುಟ್ಟಿ, "ಖಾಲಾ, ಅದು ಫೋನಿಗೆ ಕಳಸ್ತದಂತ ನನಗ ಗೊತ್ತಿರಲಿಲ್ಲ" ಎಂದೆ. ಅವರು ನನ್ನನ್ನು ಹಿಡಿದೆಬ್ಬಿಸಿದರು. ನಂಬಿದರು. ಆದರೂ ಆಮೇಲೆ ಒಂದು ತಿಂಗಳು ರಾಯಚೂರಿನ ಯಾವ ಮನೆಯ ಪರದೆಯೂ ನನಗೆ ಸರಿಯಲಿಲ್ಲ. ಒಪ್ಪಿಕೊಂಡಿದ್ದ ಆರು ಮದುವೆಯವರೂ ಬೇಡವೆಂದು ಹೇಳಿ ಕಳಿಸಿದರು. ಅರಕೇರಾದಲ್ಲಿ ನಮ್ಮವ್ವ ಕೇಳಿದರೆ ಸೀಜನ್ ಇಲ್ಲ ಎಂದು ಹೇಳುತ್ತಿದ್ದೇನೆ.

ಈಗ, ಮೊನ್ನೆ ಬುಧವಾರ, ರಂಜಾನಬಿಯವರ ಓಣಿಯಲ್ಲಿ ಬಳೆ ಮಾರುವ ಯಮನಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಡಿಸೆಂಬರಿನಲ್ಲಿ ಸಮ್ರೀನ್‌ಳ ಮದುವೆ. "ಸುಜಾತಾನ ಬರ್ಲಿ, ಖರೆ ಆ ಮೊದಲಿನ ಮಶೀನ ತರ್ಬೇಕು ಅಂದಾರ" ಎಂದು ಹೇಳಿ ಹೋದಳು. ಸಮ್ರೀನ್ ಇನ್ನು ಕ್ಯಾಮೆರಾ ಎದುರು ನಗುತ್ತಾಳೋ ಇಲ್ಲವೋ ಕಾಣೆ. ಆದರೂ ಆ ಹುಡುಗಿಯ ಮದುವೆಗೆ ನಾನೇ ಬರಲಿ ಅಂದಿದ್ದಾರೆ. ಅಷ್ಟು ಮಾಡಿದ ಮೇಲೂ ಅಂದಿದ್ದಾರೆ. ಆ ಬಾಗಿಲು ಇನ್ನೊಮ್ಮೆ ಮುಚ್ಚಿದರೆ ನನಗೆ ಬೇರೆ ಬಾಗಿಲಿಲ್ಲ.

ಅದಕ್ಕೇ ಹಳೆಯದು ಬೇಕು. ಅದರ ಚಾರ್ಜರ್, ಎರಡೂ ಬ್ಯಾಟರಿ, ನಾನು ಹೊಲಿದ ಬಟ್ಟೆಯ ಚೀಲ ಸಮೇತ ತಿರುಪತಿಯ ಕೈಯಲ್ಲಿ ಕಳಿಸಿ. ಹೊಸದು ನಿಮಗಿರಲಿ. ಅದಕ್ಕೂ ನಿಮಗೂ ಚೆನ್ನಾಗಿ ಹೊಂದುತ್ತದೆ, ಇಬ್ಬರ ಹೊಟ್ಟೆಯಲ್ಲೂ ಒಂದು ಮಾತು ನಿಲ್ಲುವುದಿಲ್ಲ. ಆ ಫ್ಲೆಕ್ಸನ್ನೂ ಕಳಿಸಿ. ಅದನ್ನು ತಿರುಗಿಸಿ ಬೈಕಿಗೆ ಹೊದಿಸಿದ್ದೀರೆಂದು ತಿರುಪತಿ ಬಾಯಿ ತಪ್ಪಿ ಹೇಳಿದ. ಬಿಸಿಲಿಗೆ ನಿಮ್ಮ ಬೈಕು ಬಣ್ಣಗೆಟ್ಟರೆ ಕೆಡಲಿ, ಆ ಹುಡುಗಿಯ ಮುಖ ನಿಮ್ಮ ಸೀಟಿನ ಮೇಲೆ ಬೇಡ. ನಿಮ್ಮ ಫೋನಿನಲ್ಲಿ ಉಳಿದದ್ದನ್ನೆಲ್ಲ ತಿರುಪತಿಯ ಎದುರಿಗೇ ಅಳಿಸಿ.

ಮೊದಲೆಲ್ಲ ಕೊನೆಯಲ್ಲಿ "ನಿಮ್ಮ" ಎಂದು ಬರೆಯುತ್ತಿದ್ದೆ. ಈಗ ನನ್ನ ಹೆಸರು ಒಂದೇ ಸಾಕು.

ಸುಜಾತಾ

ತಾ.ಕ.: ಲಕೋಟೆ ಅಂಟಿಸಿ ಇಟ್ಟವಳು ಮತ್ತೆ ಹರಿದು ತೆಗೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ.

ಏಪ್ರಿಲ್‌ನಲ್ಲಿ ಹೊಸ ಕ್ಯಾಮೆರಾ ಹಿಡಿದು ಮೊದಲು ಹೋದದ್ದು ಮಲ್ಲಟದ ಮದುವೆಗೆ. ಮರುದಿನ ನೀವು ಊಟಕ್ಕೆ ಕೂತವರು, "ಆ ಮುದುಕಿ ಮದುಮಗಳ ಗಲ್ಲ ಹಿಡದದ್ದು ಭಾಳ ಛಲೋ ಬಂದದ. ನಿನ್ನ ಕೈ ಕುದುರ್ಯದ ಬಿಡು" ಎಂದಿರಿ. ಕಾರ್ಡು ಮಲ್ಲಟದಲ್ಲೇ ಉಳಿದಿತ್ತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಎಲ್ಲಿ ನೋಡಿದಿರಿ ಎಂದು ಕೇಳಲಿಲ್ಲ. ಕ್ಯಾಮೆರಾದ ಪರದೆಯ ಮೂಲೆಯಲ್ಲಿ ಫೋನಿನ ಸಣ್ಣ ಗುರುತು ಮಿನುಗುವುದನ್ನು ಮದುವೆಯಲ್ಲೇ ಕಂಡಿದ್ದೆ. ಅದನ್ನು ಆರಿಸಲು ಎರಡು ಸಲ ಒತ್ತಿದರೆ ಸಾಕು. ಆರಿಸಲಿಲ್ಲ. ಏಳು ವರ್ಷದಲ್ಲಿ ನನ್ನದೊಂದು ಫೋಟೋವನ್ನು ನೀವು ಛಲೋ ಅಂದದ್ದು ಅದೇ ಮೊದಲು.

ಸಮ್ರೀನ್ ನಕ್ಕಾಗಲೂ ಆ ಗುರುತು ಮಿನುಗುತ್ತಿತ್ತು. ಪರದೆಯ ಆಚೆ ನಿಂತ ನೀವು ನೋಡಬೇಕು, ಇನ್ನೊಮ್ಮೆ ಛಲೋ ಅನ್ನಬೇಕು ಎಂದೇ ಶಟರ್ ಒತ್ತಿದೆ.

ನಾಳೆ ಇದನ್ನು ಪೋಸ್ಟಿಗೆ ಹಾಕಿ ಅಲ್ಲಿಂದಲೇ ರಂಜಾನಬಿಯವರ ಮನೆಗೆ ಹೋಗಿ ಅಷ್ಟನ್ನೂ ಹೇಳುತ್ತೇನೆ. ಆಮೇಲೆ ಡಿಸೆಂಬರಿನ ಮದುವೆಗೆ ನನ್ನನ್ನು ಕರೆಯಲಿಕ್ಕಿಲ್ಲ. ಕರೆಯದಿದ್ದರೂ ಹಳೆಯ ಕ್ಯಾಮೆರಾ ಕಳಿಸಿ. ಹೆಂಡತಿಯೇ ಕೊಟ್ಟಳು ಎಂದು ಅಮೀರ್ ಸಾಬರಿಗೆ ಅಂದಾಗ ಅದು ಸುಳ್ಳೆಂದೇ ನೀವು ಅಂದುಕೊಂಡಿದ್ದಿರಿ. ನಿಜವನ್ನೇ ಹೇಳಿದ್ದಿರಿ, ನಿಮಗೆ ಗೊತ್ತಿರಲಿಲ್ಲ.