ಕಾಮಣ್ಣನ ಪಾಲಿಗೆ ಬಿಟ್ಟ ಸೋಫಾ

ನಗರದ ಕಸ ವಿಲೇವಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಸಪ್ತಾಪುರದ ನಮ್ಮ ಓಣಿಯ ತುದಿಯಲ್ಲಿ, ಶಿವಬಸವ್ವನ ಮನೆಯ ಗೋಡೆಗೆ ತಾಗಿದ ಖಾಲಿ ಸೈಟಿನಲ್ಲಿ, ಹೋಳಿ ಹುಣ್ಣಿಮೆಯಿಂದ ಒಂದು ಗುಡ್ಡೆ ಬಿದ್ದಿದೆ. ಅದರಲ್ಲಿ ಬೂದಿಯಿದೆ, ಟ್ಯೂಬ್‌ಲೈಟಿನ ಚೂರುಗಳಿವೆ, ಸಿಡಿದ ಬಣ್ಣದ ಡಬ್ಬಿಗಳಿವೆ, ಕರಗಿ ಕರಿ ಹಲ್ವಾದಂತೆ ಗಟ್ಟಿಯಾದ ಫೋಮ್ ಇದೆ. ಗಾಳಿ ಬೀಸಿದರೆ ಬೂದಿ ಕಿಟಕಿಯಿಂದ ಒಳಗೆ ಬಂದು ಶಿವಬಸವ್ವನ ರೊಟ್ಟಿ ಹಂಚಿನ ಮೇಲೆ ಕೂರುತ್ತದೆ, ಆಕೆಗೆ ಕೆಮ್ಮು ಹತ್ತುತ್ತದೆ, ಒಲೆ ಆರಿಸಬೇಕಾಗುತ್ತದೆ. ಆ ಗುಡ್ಡೆಯನ್ನು ಎತ್ತಿಸಿರಿ ಎಂಬುದೇ ಈ ಪತ್ರದ ಸಾರ. ತಮಗೆ ಸಮಯವಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಲಾರಿ ಕಳಿಸಬಹುದು. ಸಮಯವಿದ್ದರೆ (ಇದೆ ಎಂದು ತಮ್ಮ ಕಚೇರಿಗೆ ಹೋಗಿಬಂದ ನನ್ನ ಅನುಭವ ಹೇಳುತ್ತದೆ) ದಯವಿಟ್ಟು ಮುಂದೆ ಓದಿರಿ.

ಶಿವಬಸವ್ವ ಪಕ್ಕದ ಮುಗದ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದ ಹೆಣ್ಣುಮಗಳು. ರೊಟ್ಟಿ ಬಡಿದು, ಬಾಡಿಗೆ ಖೋಲಿಗಳ ವಿದ್ಯಾರ್ಥಿಗಳ ಹೊಟ್ಟೆ ತುಂಬಿಸುವುದು ಆಕೆಯ ಉದ್ಯೋಗ. ಈ ಓಣಿಯಲ್ಲಿದ್ದು ಡಾಕ್ಟರೇಟ್ ಪಡೆದವರ ಪ್ರಬಂಧಗಳಲ್ಲಿ ಆಕೆಯ ಹೆಸರನ್ನು ನಾನು ಕಂಡಿಲ್ಲ. ಆದರೆ ಪ್ರತಿ ಪುಟಕ್ಕೂ ಒಂದು ರೊಟ್ಟಿ ಖರ್ಚಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಆ ಗುಡ್ಡೆ ಎಲ್ಲಿಂದ ಬಂತು? ನಮ್ಮ ಮನೆಯ ಸೋಫಾದಿಂದ ಶುರುವಾಯಿತು. ಅದರ ಹೊಟ್ಟೆ ಹರಿದು, ಇಲಿಯೊಂದು ಅಲ್ಲಿ ಬಾಣಂತನ ಮುಗಿಸಿದ ದಿನ, ನನ್ನ ಹೆಂಡತಿ ಲಕ್ಷ್ಮೀಬಾಯಿ ಅದನ್ನು ಹೊರಗೆ ಹಾಕಲು ಠರಾವು ಮಾಡಿದಳು. ಗುಜರಿಯವನು ಬಂದು ನೋಡಿ, ಇದರಲ್ಲಿ ಕಬ್ಬಿಣವೇ ಇಲ್ಲವೆಂದು ಹೊರಟುಹೋದ. ಮುಂಜಾನೆ ಹಾಡು ಹಾಕಿಕೊಂಡು ಬರುವ ತಮ್ಮ ಕಸದ ಗಾಡಿಯ ಚಾಲಕ ರಿಯಾಜನನ್ನು ಕೇಳಿದೆ.

"ಕಾಕಾ, ಹಸಿ ಕಸಕ್ಕ ಒಂದ್ ಖಾನಿ ಐತಿ, ಒಣಾ ಕಸಕ್ಕ ಒಂದ್ ಖಾನಿ ಐತಿ. ಇದು ಯಾವುದ್ರಾಗ ಕುಂಡರ್ತೈತ್ರಿ?"

"ಇದು ಒಣಾ ಅಲ್ಲೇನಪಾ?"

"ಇದು ಕಸಾ ಅಲ್ರಿ ಕಾಕಾ, ಸಂಸಾರ! ಇದನ್ನ ಹತ್ತಿಸಿದ್ರ ನಾ ಇಳೀಬೇಕಾಗ್ತೈತಿ."

ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀಬಾಯಿ, "ಹಂಗಾರ ಇವರನ್ನರ ಹತ್ತಿಸ್ಕೊಳ್ಳೋ ರಿಯಾಜ, ಇವರು ಪೂರಾ ಒಣಗ್ಯಾರ" ಎಂದಳು.

ರಿಯಾಜನ ತಪ್ಪೇನಿಲ್ಲ, ತಾವು ಅವನಿಗೆ ಕೊಟ್ಟ ಗಾಡಿಯೇ ಅಷ್ಟು. ಆದ್ದರಿಂದ ತಮ್ಮ ಕಚೇರಿಗೇ ಬಂದೆ. ಅಲ್ಲಿಯ ಗುಮಾಸ್ತರು ಸೋಫಾ ಎಂಬುದು ಗೃಹೋಪಯೋಗಿ ವಸ್ತು, ಕಸವಲ್ಲ ಎಂದು ತಿಳಿಸಿದರು.

"ಉಪಯೋಗಕ್ಕ ಬರೂದಿಲ್ಲ ಅಂತನ ಬಂದೇನ್ರಿ" ಎಂದೆ.

"ಹಂಗಾರ ರಸ್ತಾದಾಗ ಇಡ್ರಿ. ರಸ್ತಾದಾಗ ಬಿದ್ದದ್ದು ಕಸಾ ಆಗ್ತದ."

"ಇಟ್ಟರ ಎತ್ತತೀರೇನು?"

"ಇಟ್ಟರ ದಂಡಾ ಹಾಕ್ತೇವ್ರಿ."

ತರ್ಕಶಾಸ್ತ್ರವನ್ನು ಅಷ್ಟಿಷ್ಟು ಓದಿಕೊಂಡವನು ನಾನು. ಇಂಥ ಬಿಗಿಯಾದ ವಾದವನ್ನು ಎಲ್ಲಿಯೂ ಕಂಡಿಲ್ಲ. ಸುಟ್ಟ ಟ್ಯೂಬ್‌ಲೈಟು, ಅರ್ಧ ಒಣಗಿದ ಬಣ್ಣದ ಡಬ್ಬಿ, ಅವಧಿ ಮುಗಿದ ತಿಗಣೆ ಔಷಧ, ಇವನ್ನಾದರೂ ಎಲ್ಲಿ ಒಪ್ಪಿಸಬೇಕೆಂದು ಕೇಳಿದೆ. ಅವು ಅಪಾಯಕಾರಿ, ತಮ್ಮ ಸಿಬ್ಬಂದಿ ಮುಟ್ಟುವಂತಿಲ್ಲವಂತೆ. "ಮನ್ಯಾಗನ ಇಟ್ಕೊಳ್ರಿ. ಆದ್ರ ಭಾಳ ಹುಷಾರಿರ್ರಿ" ಎಂದು ಕಾಳಜಿಯಿಂದ ಬೀಳ್ಕೊಟ್ಟರು.

ಮಾನ್ಯರೇ, ಈ ಊರಿನಲ್ಲಿ ತಮಗಿಂತ ಹಳೆಯ ಕಸದ ಅಧಿಕಾರಿಯೊಬ್ಬನಿದ್ದಾನೆ. ಅವನ ಹೆಸರು ಕಾಮಣ್ಣ. ವರ್ಷಕ್ಕೊಮ್ಮೆ ಮಾತ್ರ ಬರುತ್ತಾನೆ; ಆದರೆ ಬರುತ್ತಾನೆ. ನಾನು ಸಾಲಿಗೆ ಹೋಗುತ್ತಿದ್ದಾಗ ಧಾರವಾಡದ ಮನೆಗಳಲ್ಲಿ ಎಸೆಯುವಂಥದ್ದೇ ಕಡಿಮೆ. ಹರಿದ ಸೀರೆ ಕೌದಿಯಾಗುತ್ತಿತ್ತು, ತೂತು ಬಿದ್ದ ಕೊಡಕ್ಕೆ ಬೆಸುಗೆ ಬೀಳುತ್ತಿತ್ತು. ಯಾತಕ್ಕೂ ಬಾರದ ಮುರುಕು ಬಾಗಿಲೋ ಹೊರಸೋ ಉಳಿದರೆ, ಹೋಳಿಯ ಮುಂಚೆ ಕಟ್ಟೆಯ ಮೇಲಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಾಮಣ್ಣನಿಗೆಂದು ಕಟ್ಟಿಗೆ ಕದಿಯುವುದು ಕಳವಲ್ಲ, ಸಂಪ್ರದಾಯ. ಮರುದಿನ ಮನೆಯ ಹಿರಿಯರು ಓಣಿಗೆಲ್ಲ ಕೇಳುವಂತೆ ಕಳ್ಳರನ್ನು ಬೈದು, ಒಳಗೆ ಹೋಗಿ ನಗುತ್ತ ಚಹಾ ಕುಡಿಯುತ್ತಿದ್ದರು. ಕದ್ದವನಿಗೆ ಪುಣ್ಯ, ಕಳೆದುಕೊಂಡವನಿಗೆ ಜಾಗ. ಇದಕ್ಕಿಂತ ಅಗ್ಗದ ವಿಲೇವಾರಿ ಯೋಜನೆಯನ್ನು ಯಾವ ಸರ್ಕಾರ ರೂಪಿಸಿದೆ?

ಈ ವರ್ಷ ನಾವು ಅದನ್ನೇ ನೆಚ್ಚಿದೆವು. ನಮ್ಮ ಸೋಫಾ ಕಟ್ಟೆಗೆ ಬಂತು. ಅದನ್ನು ನೋಡಿ ಎದುರು ಮನೆಯವರ ಪ್ಲೈವುಡ್ ಕಪಾಟು ಹೊರಬಂತು. ಕಪಾಟಿನ ಹೊಟ್ಟೆಯೊಳಗೆ ಓಣಿಯ ಮಂದಿಯೆಲ್ಲ ಹುಷಾರಾಗಿ ಇಟ್ಟುಕೊಂಡಿದ್ದ ಬಣ್ಣದ ಡಬ್ಬಿ, ಸೊಳ್ಳೆ ಸ್ಪ್ರೇ, ಟ್ಯೂಬ್‌ಲೈಟುಗಳು ಒಂದೊಂದಾಗಿ ಸೇರಿಕೊಂಡವು. ಎಲ್ಲವೂ ಪದ್ಧತಿಯ ಪ್ರಕಾರ ಕಳವಾಗಿ ಖಾಲಿ ಸೈಟಿಗೆ ಹೋದವು. ಕಾಮದಹನದ ಉಸ್ತುವಾರಿ ನೋಡುವ ದ್ಯಾಮಣ್ಣನಿಗೆ, "ಇದನ್ನೆಲ್ಲಾ ಸುಡೂದ ಛಲೋ ಏನೋ?" ಎಂದು ಕೇಳಿದೆ.

"ಕಾಮಣ್ಣ ಯಾವುದಕ್ಕೂ ಒಲ್ಲೆ ಅನ್ನಂಗಿಲ್ರಿ ಮಾಸ್ತರ. ಅರ್ಜಿ ಕೇಳಂಗಿಲ್ಲ, ದಂಡಾನೂ ಹಾಕಂಗಿಲ್ಲ."

ನಾನೂ ತಲೆಯಾಡಿಸಿ ಮನೆಗೆ ಬಂದೆ. ಆ ಮಾತಿಗೆ ತಮ್ಮಲ್ಲಿ ಉತ್ತರವಿದೆಯೇ?

ನಸುಕಿನಲ್ಲಿ ಬೆಂಕಿ ಹಚ್ಚಿದರು. ರೂಢಿಯಂತೆ ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತಿದ್ದವರು, ಕಪಾಟಿನೊಳಗಿನ ಡಬ್ಬಿಗಳು ಢಂ ಢಂ ಎಂದಾಗ ನಿಜವಾಗಿಯೇ ಬಾಯಿ ಬಡಿದುಕೊಂಡು ಓಡಿದರು. ನಾನೂ ಓಡಿದೆ, ಸೊಂಟ ನೋವಿದೆ ಎಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು. ಇಲ್ಲಿಯವರೆಗೆ ನಗುವ ಮಾತು.

ಕಾಮಣ್ಣನ ಕೆಂಡವನ್ನು ಮನೆಗೆ ಒಯ್ದು ಒಲೆ ಹೊತ್ತಿಸುವುದು ನಮ್ಮ ಕಡೆಯ ಪದ್ಧತಿ. ಗ್ಯಾಸ್ ಬಂದ ಮೇಲೆ ಬಹಳ ಮಂದಿ ಬಿಟ್ಟರು, ಶಿವಬಸವ್ವ ಬಿಟ್ಟಿರಲಿಲ್ಲ. ಉರಿ ಇಳಿದ ಮೇಲೆ ಆಕೆ ಬಂದು ಸಲಿಕೆಯ ತುಂಬ ಕೆಂಡ ಹೊತ್ತುಕೊಂಡು ಹೋದಳು. ಅದರಲ್ಲಿ ಕಟ್ಟಿಗೆ ಎಷ್ಟಿತ್ತೋ, ನಮ್ಮ ಸೋಫಾ ಎಷ್ಟಿತ್ತೋ. ಬಾಗಿಲಿನಿಂದ ಕಪ್ಪು ಹೊಗೆ ಹೊರಬಂದುದನ್ನು ಕಂಡು ನಾವು ಒಳಗೆ ಹೋದರೆ, ಆಕೆ ಒಲೆಯ ಮುಂದೆ ಕುಸಿದು ಕುಳಿತಿದ್ದಳು. ದವಾಖಾನೆಯಲ್ಲಿ ಉಸಿರು ಮರಳಿತು, ಆದರೆ ಪೂರ್ತಿ ಮರಳಲಿಲ್ಲ. ಹೊಗೆ, ಧೂಳು ಎರಡರಿಂದಲೂ ದೂರವಿರಬೇಕು ಎಂದರು ಡಾಕ್ಟರು. ವಿದ್ಯಾರ್ಥಿಗಳು ವಂತಿಗೆ ಕೂಡಿಸಿ ಗ್ಯಾಸ್ ಒಲೆ ತಂದುಕೊಟ್ಟರು, ಹೊಗೆ ತಪ್ಪಿತು. ಧೂಳು ಗೋಡೆಯಾಚೆ ಗುಡ್ಡೆಯಾಗಿ ಬಿದ್ದಿದೆ. ಕಿಟಕಿ ತೆರೆದರೆ ಬೂದಿ, ಮುಚ್ಚಿದರೆ ಬೇಸಗೆಯ ಕುದಿ. ಅರ್ಧ ದಿನ ಹಂಚು ತಣ್ಣಗಿರುತ್ತದೆ. ಉಣ್ಣುವವರು ಒಬ್ಬೊಬ್ಬರಾಗಿ ಬೇರೆ ಖಾನಾವಳಿ ಹಿಡಿಯುತ್ತಿದ್ದಾರೆ. ಹಸಿದವರನ್ನು ಬೈಯಲು ಬರುವುದಿಲ್ಲ. ಆಕೆಗಿರುವುದು ಅದೊಂದೇ ಉದ್ಯೋಗ.

ತಪ್ಪು ನಮ್ಮದೂ ಹೌದು. ಅದನ್ನು ಒಪ್ಪಿಕೊಂಡೇ ಮತ್ತೆ ತಮ್ಮ ಕಚೇರಿಗೆ ಬಂದೆ. ಅದೇ ಗುಮಾಸ್ತರು ಈ ಸಲ ಕೈ ಮುಗಿದರು: "ಸುಟ್ಟ ಮ್ಯಾಲೆ ಅದು ಕಸಾ ಅಲ್ರಿ, ಕಾಮಣ್ಣನ ಬೂದಿ. ಮುಟ್ಟಿದ್ರ ಮಂದಿ ಭಾವನಾಕ್ಕ ಧಕ್ಕಿ ಆಗ್ತದ." ಸುಡುವ ಮುಂಚೆ ಗೃಹೋಪಯೋಗಿ, ಸುಟ್ಟ ಮೇಲೆ ಪವಿತ್ರ. ಹಾಗಾದರೆ ಅದು ಕಸವಾಗಿದ್ದ ಆ ಶುಭಗಳಿಗೆ ಯಾವುದು? ಯಾವ ಪಂಚಾಂಗದಲ್ಲಿ ನೋಡಬೇಕು? ಮತ್ತು ಆ ಭಾವನೆಗಳ ಪಟ್ಟಿಯಲ್ಲಿ ಶಿವಬಸವ್ವನ ಶ್ವಾಸಕೋಶಕ್ಕೆ ಜಾಗವಿದೆಯೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಕೈಗೆ ಗವಸು, ಬಾಯಿಗೆ ಮುಸುಕು ಕೊಟ್ಟು, ಕೆಲಸ ಬಲ್ಲವರನ್ನು ಕಳಿಸಿ, ಮಳೆ ಬಿದ್ದು ಆ ವಿಷ ಗಟಾರಿಗೆ ಇಳಿಯುವ ಮುಂಚೆ ಗುಡ್ಡೆಯನ್ನು ಎತ್ತಿಸಿರಿ. ಆಮೇಲೆ ತಿಂಗಳಿಗೊಂದು ದಿನ, ಮುಂಚಿತವಾಗಿ ಸಾರಿ ಹೇಳಿ, ಕಪಾಟು ಸೋಫಾ ಹಿಡಿಸುವ ಲಾರಿ ಕಳಿಸಿರಿ. ಟ್ಯೂಬ್‌ಲೈಟು, ಔಷಧ, ಬಣ್ಣ ತಂದು ಒಪ್ಪಿಸಲು ಊರಿನಲ್ಲಿ ಒಂದು ಕಿಟಕಿಯನ್ನಾದರೂ ತೆರೆಯಿರಿ. ತಮ್ಮ ಕಚೇರಿಯಲ್ಲಿ ಕಿಟಕಿಗಳಿಗೆ ಕೊರತೆಯಿಲ್ಲ.

ಅಲ್ಲಿಯವರೆಗೆ ಓಣಿಯವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಬರುವ ಸೋಮವಾರದಿಂದ ಶಿವಬಸವ್ವನ ಗ್ಯಾಸ್ ಒಲೆ, ಹಂಚು, ಹಿಟ್ಟಿನ ಡಬ್ಬಿ ಎಲ್ಲವೂ ತಮ್ಮ ಕಚೇರಿಯ ಗೇಟಿನ ಎದುರಿನ ಬೇವಿನ ಮರದ ಕೆಳಗೆ ಬರುತ್ತವೆ. ಅಲ್ಲಿ ಧೂಳಿಲ್ಲ, ಮುಂಜಾನೆ ನೀರು ಹೊಡೆಯುವುದನ್ನು ನೋಡಿದ್ದೇನೆ. ಊಟದ ವಿದ್ಯಾರ್ಥಿಗಳೂ ಅಲ್ಲಿಗೇ ಬರುತ್ತಾರೆ. "ಬರ್ತೀಯೇನವಾ?" ಎಂದು ಶಿವಬಸವ್ವನನ್ನು ಕೇಳಿದೆ.

"ಬರದ ಏನ್ ಮಾಡ್ಲಿರಿ ಮಾಸ್ತರ? ಸಾಹೇಬ್ರು ಉಂಡ್ರ ಉಣ್ಣಲಿ, ಇಲ್ಲಾಂದ್ರ ನೋಡ್ಕೋತ ಕುಂಡರ್ಲಿ. ನನ್ನ ಗ್ವಾಡಿ ಬಾಜೂಕಿಂದು ಎತ್ತಿದ ದಿನಾ ನಾ ನನ್ನ ಮನಿಗೆ ಹೊಕ್ಕೇನಿ."

ಇಂತಿ,
ಸೋಮವಾರ ಸಿಲಿಂಡರ್ ಹೊರುವ ಪಾಳಿ ಬಂದಿರುವ
ಯಜ್ಞೇಶ್ವರ, ನಿವೃತ್ತ ಮಾಸ್ತರ
ಸಪ್ತಾಪುರ, ಧಾರವಾಡ