ಗಂಗಿಯ ಬಸ್ಸಿನ ಕಾನೂನು

ಬೆಳ್ಳಟ್ಟಿ, ತಾಲೂಕ ಶಿರಹಟ್ಟಿ
ಸೋಮವಾರ, ತಾ. ೧೨-೧-೨೦೨೬

ಚಿರಂಜೀವಿ ಯಲ್ಲೇಶಗ ನಿನ್ನ ಅತ್ತಿ ಮುತ್ತವ್ವ ಮಾಡೂ ಆಶೀರ್ವಾದ.

ಹೆಂಗದಿ? ಡ್ರೈವರ್ ಸೀಟಿನ್ಯಾಗ ಕುಂತು ಕುಂತು ನಡಾ ಹಿಡದಿತ್ತಲ್ಲ, ಕಡಿಮಿ ಆತೇನು? ಆ ಪುತ್ತೂರ ಕಡಿಯ ಕೆಂಪ ಅಕ್ಕಿ ಅನ್ನ ಇನ್ನೂ ನಿನ್ನ ಹೊಟ್ಟಿಗೆ ಒಗ್ಗಿಲ್ಲ ಅಂತ ನೀಲಾ ಹೇಳತಿದ್ಲು. ಮಜ್ಜಿಗಿ ಹಾಕ್ಕೊಂಡು ಉಣ್ಣು. ಘಾಟಿನ್ಯಾಗ ಗಾಡಿ ಸಾವಕಾಶ ಹೊಡಿ. ನಾವೆಲ್ಲಾ ಆರಾಮ ಅದೇವಿ. ನಿಮ್ಮ ಮಾವ ಕಡ್ಲಿ ಹೊಲ ಕಾಯತೇನಿ ಅಂತ ಮುಂಜಾನೆ ಹೋಗಿ ಬೇವಿನ ಗಿಡದ ಬುಡಕ ಮಲಗತಾರ, ಹೊಲಾನ ಅವರನ್ನ ಕಾಯತೈತಿ. ಅಳಿಯಾಗ ಬರೀಬೇಕಂದ್ರ ಬರ್ರಿ, ಹೋಗ್ರಿ ಅಂತ ಬರೀಬೇಕಾಗಿತ್ತು. ಆದ್ರ ನೀ ನನ್ನ ತಮ್ಮನ ಮಗ, ಸಣ್ಣಾಂವ ಇದ್ದಾಗ ನಿನ್ನ ಮೂಗ ನನ್ನ ಸೆರಗಿಲೆ ಒರಸೇನಿ. ಮಗಳು ನೀಲಾನ್ನ ಕೊಟ್ಟೆ ಅಂತ ಆ ಮೂಗಿಗೆ ಈಗ ಬಹುವಚನ ಕೊಡಾಕ ನನ್ನ ಕಡಿಂದ ಆಗಂಗಿಲ್ಲ.

ಫೋನ ಇರೂಮುಂದ ಕಾಗದ ಯಾಕ ಅಂತಿ. ಫೋನಿನ್ಯಾಗ ನಾ ಬಾಯಿ ತಗದ್ರ ಸಾಕು, "ಅತ್ತಿ, ಘಾಟ ಬಂತು, ಸಿಗ್ನಲ್ ಇಲ್ಲ" ಅಂತಿ. ಡ್ಯೂಟಿ ಮುಗಿಸಿ ರೂಮಿನ್ಯಾಗ ಹಾಸಿಗಿ ಮ್ಯಾಲ ಬಿದ್ದಾಗೂ ನಿನಗ ಘಾಟ ಬರತೈತಿ. ಅದೂ ಅಲ್ಲದ ಈ ಮಾತು ನೀಲಾನ ಕಿವಿಗೆ ಬೀಳಬಾರದು, ಗಂಗಿ ಕಿವಿಗಂತೂ ಬೀಳಾಕ ಬಾರದು. ನಮ್ಮ ಮನಿ ನಿನಗ ಗೊತ್ತೈತಿ, ಪಡಸಾಲ್ಯಾಗ ಪಿಸುಗುಟ್ಟಿದ್ರ ಹಿತ್ತಲದಾಗಿನ ಎಮ್ಮಿ ಕಿವಿ ನಿಗರಸತೈತಿ. ಕಾಗದ ಕಟ್ ಮಾಡಾಕ ಬರಂಗಿಲ್ಲ. ಅದಕ್ಕ ಬರದೇನಿ. ಮೂರನೆತ್ತಾ ತನಕ ಸಾಲಿ ಕಲತ ಕೈ, ಅಕ್ಷರ ಹೆಂಗರ ಇರ್ಲಿ, ಪೂರಾ ಓದು.

ಮೊದಲ ನೀಲಾನ ಸುದ್ದಿ. ಲಕ್ಷ್ಮೇಶ್ವರದ ದವಾಖಾನಿಗೆ ಹೋಗಿ ಬಂದ್ವಿ. ಕೂಸು ಚೊಲೋ ಐತಿ, ತಲಿ ಕೆಳಗ ಬಂದೈತಿ, ಭಾರತ ಹುಣ್ಣಿವಿ ಆಸುಪಾಸು ಹೆರಿಗಿ ಅಂತ ಡಾಕ್ಟರಬಾಯಿ ಹೇಳಿದ್ಲು. ರಕ್ತ ಕಡಿಮಿ ಐತಿ, ಗುಳಿಗಿ ತಪ್ಪಸಬ್ಯಾಡ ಅಂದ್ಲು. ಈಕಿ ಗುಳಿಗಿ ಕಂಡ್ರ ಮಾರಿ ಕಿವಚತಾಳ. ಕಾಲು ಬಾತಾವ, ಮ್ಯಾಲ ಮಾಡಿ ಕುಂಡ್ರು ಅಂದ್ರ ಕಸಬರಗಿ ಹಿಡೀತಾಳ, ಕಸಾ ಹೊಡಿ ಅಂದ್ರ ಫೋನ ಹಿಡೀತಾಳ. ಮೊನ್ನಿ ಹುಣಸಿಕಾಯಿ ಬೇಕು ಅಂತ ಅತ್ಲು. ನಿಮ್ಮ ಮಾವ ಊರೆಲ್ಲಾ ತಿರುಗಿ ತಂದ ಕೊಟ್ರ ಹುಳಿ ಐತಿ ಅಂತ ಅತ್ಲು. ನಾ ಏನೂ ಅನ್ನಲಿಲ್ಲ. ಅಂದೆ, ಖರೆ, ಆದ್ರ ಭಾಳ ಅನ್ನಲಿಲ್ಲ.

ಇನ್ನ ನಿನ್ನ ಮಗಳು ಗಂಗಿ. ದೀಪಾವಳಿ ಮುಗಿಸ್ಕೊಂಡು ತಾಯಿ ಜೋಡಿ ಬಂದಾಗಿಂದ ನನ್ನ ತಲಿ ನೆಟ್ಟಗಿಲ್ಲ. ಮುಂಜಾನೆ ಕಣ್ಣ ಬಿಟ್ಟಕೂಡ್ಲೆ "ಎಂತ ತಿಂಡಿ?" ಅಂತಾಳ. ರೊಟ್ಟಿ ಅಂದ್ರ "ನೀರುದೋಸೆ ಇಲ್ವಾ ಮಾರಾಯ್ತಿ?" ಅಂತಾಳ. ನನಗ, ಮಾರಾಯ್ತಿ! ಪುತ್ತೂರಿನ ಓಣ್ಯಾಗ ಇದನ್ನ ಕಲಿಯಾಕ ಬಿಟ್ಟಿದ್ರೇನು ಇಬ್ಬರೂ ಕೂಡಿ? ತೊಟ್ಟಿಲ ಅಟ್ಟದಿಂದ ಇಳಿಸಿ ಒರಸಿ ಇಟ್ರ ತಾನ ಅದರಾಗ ಮಲಗಿ, ಎರಡೂ ಕಾಲ ಹೊರಗ ಜೋತಬಿಟ್ಟು "ಆಯಿ, ತೂಗು" ಅಂತಾಳ. ತೂಗಿದೆ, ಏನ ಮಾಡ್ಲಿ. ಹಗ್ಗ ಹರದು ಧಡ್ ಅಂತ ಬಿದ್ಲು. ಅತ್ತಾಕಿ ಆಕಿ ಅಲ್ಲ, ನೀಲಾ. ಹುಟ್ಟೂ ಕೂಸಿನ ತಲಿಗೆ ಅಂತ ನಾ ಮೂಗಿನ ಮ್ಯಾಲ ಚಾಳೀಸ ಏರಿಸ್ಕೊಂಡು, ದಾರ ಪೋಣಿಸಾಕ ಹತ್ತ ಮಂದಿ ಕೈಕಾಲ ಹಿಡದು, ಕೆಂಪ ಕುಚ್ಚ ಇಟ್ಟು ಕುಂಚಿಗಿ ಹೊಲದಿದ್ದೆ. ಅದನ್ನ ಒಯ್ದು ಆಡಿನ ಮರಿಗೆ ಕಟ್ಯಾಳ. ಮರಿ ಕುಂಚಿಗಿ ಹಾಕ್ಕೊಂಡು ಊರೆಲ್ಲಾ ಅಡ್ಯಾಡಿ ಬಂತು. "ಮುತ್ತವ್ವ, ಮೊಮ್ಮಗ ಹುಟ್ಟ್ಯಾನಂತ, ಗಡ್ಡ ಆಗಲೇ ಬಂದೈತಂತ" ಅಂತ ಓಣಿ ಮಂದಿ ಇನ್ನೂ ನಗಾಕ ಹತ್ತ್ಯಾರ.

ಆಕಿಗೆ ಆಟ ಅಂದ್ರ ಒಂದ, ಬಸ್ಸು. ತಂದಿ ಡ್ರೈವರ್ ಆದ್ರೂ ಮಗಳು ಕಂಡಕ್ಟರ್. ಯಾಕವಾ ಅಂದ್ರ "ಡ್ರೈವರ್ ಸುಮ್ನೆ ಕೂತ್ಕೊಳ್ಳುದು, ಕಂಡಕ್ಟರ್ ಬೈಬೋದು" ಅಂತಾಳ. ಕಟ್ಟಿ ಮ್ಯಾಲ ನಿಮ್ಮ ಮಾವನ್ನ, ನನ್ನ, ಆಡಿನ ಮರಿಗಳನ್ನ ಸಾಲಾಗಿ ಕುಂಡ್ರಿಸಿ, ಸೀಟಿ ಊದಿ, ಹಳೇ ಕ್ಯಾಲೆಂಡರಿನ ಹಾಳಿ ಹರದು ಟಿಕೆಟ್ ಕೊಡತಾಳ. ಕಾನೂನ ಭಾಳ ಬಿಗಿ. ಹೆಣ್ಣಮಕ್ಕಳಿಗೆ ಫ್ರೀ, ಈಗ ಸರಕಾರಿ ಬಸ್ಸಿನ್ಯಾಗ ಇರೂಹಂಗ. ಗಂಡಸರು ರೊಕ್ಕ ಕೊಡಬೇಕು, ರೊಕ್ಕ ಅಂದ್ರ ಬೇವಿನ ಎಲಿ. ಎಲಿ ಇಲ್ಲಂದ್ರ ನಿಮ್ಮ ಮಾವನ್ನ ಸುದ್ದಾ ಕಟ್ಟಿಯಿಂದ ಇಳಸತಾಳ. ಆಡಿನ ಮರಿಗೂ ಅದ ಕಾನೂನ. ಹೆಣ್ಣಮರಿಗೆ ಫ್ರೀ, ಗಂಡಮರಿ ಬಾಯಾಗಿನ ತಪ್ಪಲಾ ಕಸಗೊಂಡು ಟಿಕೆಟ್ ಕೊಡತಾಳ. "ಅದು ಸಣ್ಣದೈತಲ್ಲವಾ, ಸಣ್ಣವರಿಗೆ ಎಲ್ಲಿ ಟಿಕೆಟ್ ಐತಿ" ಅಂತ ನಾ ಅಂದ್ರ "ನಮ್ಮ ಬಸ್ಸಲ್ಲಿ ಹಾಗೆಲ್ಲ ಇಲ್ಲ, ಗಂಡಾದ್ರೆ ಕೊಡ್ಬೇಕು" ಅಂತ ನನಗ ಬೈದ್ಲು.

ಇಷ್ಟ ಆಗಿದ್ರ ತಡಕೋತಿದ್ದೆ. ಈಗ ಖರೇ ಮಾತಿಗೆ ಬರ್ತೇನಿ. ನಮ್ಮ ಕಡಿ ಬಸರಿ ಹೆಂಗಸು ಮನಿಗೆ ಬಂದ್ರ, ಮನಿಯಾಗಿನ ಸಣ್ಣ ಕೂಸನ್ನ ಹಿಡದು "ಏನ ಹಡೀತಾಳ, ತಮ್ಮನ್ನೋ ತಂಗೀನೋ, ಹೇಳು" ಅಂತ ಕೇಳತಾರಲ್ಲ. ಕೂಸಿನ ಬಾಯಾಗ ಬಂದದ್ದು ಖರೆ ಆಕ್ಕೈತಿ ಅಂತ. ಡಾಕ್ಟರ್ ಹೇಳಿದ್ರ ಜೇಲು, ಕೂಸಿಗೆ ಯಾವ ಜೇಲು. ಬಾಜೂಮನಿ ಮರ್ದಾನಸಾಬನ ಸೊಸಿ ಅಮೀನಬಿ ನಕ್ಕೋತ ಕೇಳಿದ್ಲು, ಗಂಗಿ ಆಕಿ ಹೊಟ್ಟಿ ಮ್ಯಾಲ ಕೈ ಇಟ್ಟು "ತಂಗಿ" ಅಂದ್ಲು. ಹೆಣ್ಣ ಹುಟ್ತು. ಮರ್ದಾನಸಾಬ ಖುಷಿಯಾಗಿ ಪುಡಿಕಿ ತುಂಬ ಜಿಲೇಬಿ ತಂದ ಕೊಟ್ಟ. ಆಮ್ಯಾಲ ಗೌಡರ ಓಣ್ಯಾಗ ಒಬ್ಬಾಕಿಗೆ "ತಮ್ಮ" ಅಂದ್ಲು, ಗಂಡ ಹುಟ್ತು. ಇರಾವ ಎರಡು, ಅದರಾಗ ಒಂದು ಬರಾಕ ಬೇಕು, ಅಷ್ಟ ತಿಳುವಳಿಕಿ ಯಾರಿಗೂ ಇಲ್ಲ. ಈಗ ಊರಾಗಿನ ಬಸರ್ಯಾರೆಲ್ಲಾ ನಮ್ಮ ಕಟ್ಟಿಗೆ. ಶಿರಹಟ್ಟಿಯಿಂದ ಒಬ್ಬಾಕಿ ಟಂಟಂ ರಿಕ್ಷಾ ಮಾಡಿಸ್ಕೊಂಡು ಬಂದಿದ್ಲು. ಇನ್ನೊಬ್ಬಾಕಿ ತನ್ನ ಗಬ್ಬದ ಎಮ್ಮಿ ಹೊಡಕೊಂಡು ಬರ್ಲೇನು ಅಂದ್ಲು. "ನಿನ್ನ ನಾಲಿಗಿ ಖರೆ ನೋಡವಾ" ಅಂತ ಎಲ್ಲಾರೂ ಗಲ್ಲ ಮುಟ್ಟಿ ಹೋಗತಾರ, ಚಹಾ ಕಾಸಾಕಿ ನಾನು.

ಊರಿಗೆಲ್ಲಾ ಹೇಳೂ ಹುಡುಗಿ, ತನ್ನ ತಾಯಿದು ಕೇಳಿದ್ರ ಮಾತ್ರ ತುಟಿ ಹೊಲಕೊಂಡಂಗ ಕುಂಡ್ರತಾಳ. ನಾನೂ ಒಮ್ಮೆ ಕೇಳಿದೆ, ಸುಮ್ನ. ಹೇಳಲಿಲ್ಲ. ಹೋದ ವಾರ ನಿಮ್ಮವ್ವ ಅನ್ನಪೂರ್ಣವ್ವ ಮುಂಡರಗಿಯಿಂದ ಡಬ್ಬಿ ತುಂಬ ಬೇಸನ್ ಉಂಡಿ ಕಟ್ಕೊಂಡು ಬಂದ್ಲು. ಸೊಸಿಗೆ ತಂದಾಳ ಅಂತ ತಿಳದಿದ್ದೆ. ಗಂಗೀನ ಮುಂದ ಕುಂಡ್ರಿಸಿಕೊಂಡು, ಡಬ್ಬಿ ಮುಚ್ಚಳ ತಗದು "ತಮ್ಮ ಅನ್ನು, ಪೂರಾ ಡಬ್ಬಿ ನಿಂದ" ಅಂದ್ಲು. ಗಂಗಿ ಉಂಡಿ ನೋಡಿದ್ಲು, ನಿಮ್ಮವ್ವನ್ನ ನೋಡಿದ್ಲು, ಬಾಯಿಗೆ ಎರಡೂ ಕೈ ಅಡ್ಡ ಹಿಡಕೊಂಡು ಜ್ವಾಳದ ಚೀಲದ ಹಿಂದ ಹೋಗಿ ಕುಂತ್ಲು. "ಕೂಸಿನ ನಾಲಿಗಿ ಏಳವಲ್ದು ಅಂದ್ರ ಇದೂ ಹೆಣ್ಣ ಇರಬೇಕು" ಅಂತ ನಿಮ್ಮವ್ವ ಮಾರಿ ಸಣ್ಣ ಮಾಡಿದ್ಲು. ನೀಲಾ ಅಲ್ಲೇ ಕುಂತಿದ್ಲು, ಹೊಟ್ಟಿ ಮ್ಯಾಲ ಸೆರಗ ಎಳಕೊಂಡ್ಲು. ನನಗ ನೆತ್ತಿಗೇರಿತು. "ಹೆಣ್ಣಾದ್ರ ನಾ ಸಾಕೋತೇನಿ, ನೀ ನಿನ್ನ ಉಂಡಿ ತಗೊಂಡು ನಡಿ" ಅಂದೆ. ಸಿಟ್ಟಿನ್ಯಾಗ ಅಂದದ್ದು. ಆಕಿ ಡಬ್ಬಿ ಖರೇನ ಒಯ್ದಾಳ.

ಮರುದಿನ ಕಟ್ಟಿ ಮ್ಯಾಲ ಗಂಗಿ ತಲ್ಯಾಗ ಹೇನ ನೋಡಾಕ ಕುಂತಿದ್ದೆ. ತಲಿ ನನ್ನ ಕೈಯಾಗ ಇದ್ರ ಮಾತ್ರ ಆಕಿ ಒಂದ ಕಡಿ ಕುಂಡ್ರೂದು. ತಾನ ಅಂದ್ಲು, "ಆಯಿ, ನಾ ಹೇಳಿದ್ದು ಖರೆ ಆಕ್ಕೈತಲ್ಲ?" ಮಂದಿ ಹಂಗಂತಾರ ನೋಡವಾ, ಅಂದೆ. "ಅದಕ್ಕ ನಾ ಅವ್ವಂದು ಹೇಳಂಗಿಲ್ಲ. ಅಪ್ಪ ಬರಬೇಕಲ್ಲ." ಅಪ್ಪ ಬರೂದಕ್ಕೂ ಇದಕ್ಕೂ ಏನ ಸಂಬಂಧ ಅಂತ ಕೇಳಿದ್ರ ನಿನ್ನ ಮಾತ ಹೊರಗ ಬಂತು. ಎಳ್ಳ ಅಮಾಸಿ ಹಬ್ಬಕ್ಕ ಬರ್ತೇನಿ ಅಂತ ಹೇಳಿ ಬರಲಿಲ್ಲಲ್ಲ, ಅವತ್ತ ಫೋನಿನ್ಯಾಗ ಆಕಿ ಅತ್ತಾಗ ನೀ ಅಂದಿದ್ಯಂತ: "ತಮ್ಮ ಅಂತ ಹೇಳು, ಮರುದಿನಾನ ಬರ್ತೇನಿ. ತಂಗಿ ಅಂದ್ರ ಬರಂಗಿಲ್ಲ ನೋಡು." ಅಂದಿ ಹೌದಲ್ಲ? "ಹಂಗಾರ ತಮ್ಮ ಅಂದ್ಬಿಡವಾ, ಮುಗೀತು" ಅಂದೆ ನಾನು, ದೊಡ್ಡ ಶಾಣ್ಯಾಕಿ. ತಲಿ ಅಲ್ಲಾಡಿಸಿದ್ಲು. "ಅಂದ್ರ ಖರೇನ ತಮ್ಮ ಬರ್ತಾನ" ಅಂದ್ಲು. ಆಕಿಗೆ ಬೇಕಾದದ್ದು ತಂಗಿ. ಸ್ವಲ್ಪ ಹೊತ್ತಿಗೆ ನನ್ನ ತೊಡಿ ಹಸಿ ಹಸಿ ಆತು. ನೋಡಿದ್ರ ಸಪ್ಪಳ ಇಲ್ಲದ ಅಳಾಕ ಹತ್ತಿದ್ಲು.

ಲೇ ಯಲ್ಲೇಶ, ನೀ ಚಾಷ್ಟಿಗೆ ಅಂದಿರಬೇಕು. ನಿನ್ನ ಚಾಷ್ಟಿಗೆ ಬೆಂಕಿ ಹಚ್ಚ. ಐದ ವರ್ಷದ ಕೂಸು, ತಂದಿ ಬರೂದು ಬಿಡೂದು ತನ್ನ ನಾಲಿಗಿ ಮ್ಯಾಲ ನಿಂತೈತಿ ಅಂತ ತಿಳ್ಕೊಂಡು ಕುಂತೈತಿ. ಉಂಡಿ ಅಂದ್ರ ಜೀವಾ ಬಿಡೂ ಹುಡುಗಿ ಡಬ್ಬಿಗೆ ಡಬ್ಬಿ ಬಿಟ್ಟು ಹೋಗಿ ಚೀಲದ ಹಿಂದ ಕುಂಡ್ರತೈತಿ ಅಂದ್ರ ಒಳಗ ಎಷ್ಟ ಹೆದರಿರಬೇಕು, ನೀನ ಹೇಳು. ಊರಿಗೆ ಬಸ್ ಬಂದ ಸಪ್ಪಳಾದ್ರ ಊರ ಬಾಗಲ ಅಗಸಿ ತನಕ ಓಡತಾಳ. ಇಳಿಯಾವರನ್ನೆಲ್ಲಾ ನೋಡಿ ತಿರುಗಿ ಬಂದು "ಇದು ಅಪ್ಪನ ಬಸ್ಸಲ್ಲ ಆಯಿ, ಅಳಬ್ಯಾಡ" ಅಂತ ನನಗ ಸಮಾಧಾನ ಹೇಳತಾಳ. ಅತ್ತಾಕಿ ನಾನೇನು?

ನೀಲಾಗ ಇದು ಗೊತ್ತಿಲ್ಲ. ಗೊತ್ತಾದ್ರ ಅದೊಂದು ಬ್ಯಾರೆ ಅಳೂದು, ಈಗಿರೂದ ನನಗ ಸಾಕಾಗೈತಿ. ನೀ ಡಿಪೋದ ಸಾಹೇಬರ ಮುಂದ ಹೋಗಿ ನಿಂತು ರಜಾ ಕೇಳು. ಹೆರಿಗಿ ಆದಮ್ಯಾಲ ಅಲ್ಲ, ಮೊದಲ. ಹಡದ ಮ್ಯಾಲ ಬಂದ್ರ, ಏನ ಹುಟ್ಟೈತಿ ಅಂತ ಕೇಳ್ಕೊಂಡು ಬಂದಂಗ ಆಕ್ಕೈತಿ. ಗಂಡಾಗಿದ್ರ ತಮ್ಮನ ಸಲುವಾಗಿ ಬಂದ ಅಂತಾಳ, ಹೆಣ್ಣಾಗಿದ್ರ ಅಪ್ಪಗ ಸಿಟ್ಟ ಬಂದೈತಿ ಅಂತಾಳ. ಮೊದಲ ಬಂದ್ರ ಆಕಿ ಸಲುವಾಗಿ ಬಂದಂಗ. ಒಂದ ದಿನಕ್ಕ ಬಂದ್ರೂ ಅಡ್ಡಿಯಿಲ್ಲ. ರಜಾ ಇಲ್ಲ ಅಂತ ನನಗ ಹೇಳಬ್ಯಾಡ. ಈ ಕಾಗದ ತರೂ ಹುಲಿಗೇಶ ನಿಮ್ಮ ಡಿಪೋದ ಕಂಡಕ್ಟರ್, ಅಂವಗ ಮನಿಗೆ ಬರಾಕ ರಜಾ ಸಿಕ್ಕೈತಿ, ನಿನಗ ಯಾಕ ಸಿಗಂಗಿಲ್ಲ? ಅಂವಗೇನು ಕೋಡ ಅದಾವೇನು?

ಅಂವ ಇವತ್ತ ಸಂಜೀ ಬಸ್ಸಿಗೆ ಹೊಂಟಾನ. ಗಂಟಿನ್ಯಾಗ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಸಂಕ್ರಾಂತಿಗಂತ ಶೇಂಗಾ ಹೋಳಗಿ ಇಟ್ಟೇನಿ. ಕಾಗದ ರೊಟ್ಟಿ ನಡುವ ಐತಿ, ಎಣ್ಣಿ ಹತ್ತಿದ್ರ ಬೆಳಕಿಗೆ ಹಿಡದು ಓದು. ಹೋಳಗಿ ಕಡಿಮಿ ಅನಿಸಿದ್ರ ಹುಲಿಗೇಶನ ಮಾರಿ ನೋಡು. ನಿನ್ನ ಕೈಯಾಗಿನ ಗಾಡಿಗೆ ಏನೂ ಆಗದಿರ್ಲಿ, ಹತ್ತಿದವರೆಲ್ಲಾ ತಮ್ಮ ತಮ್ಮ ಊರಾಗ ಸುಖದಿಂದ ಇಳೀಲಿ. ನಿಮ್ಮ ಮಾವ ಆಶೀರ್ವಾದ ಹೇಳ್ಯಾರ. ಹೇಳಿಲ್ಲ, ಮಲಗ್ಯಾರ, ಆದ್ರ ಎಚ್ಚರ ಇದ್ರ ಹೇಳತಿದ್ರು.

ನಿನ್ನ ಸ್ವಾದರತ್ತಿ,
ಮುತ್ತವ್ವ

ತಾ.ಕ. ಕಟ್ಟಿದ ಗಂಟ ಬಿಚ್ಚಿ ಮತ್ತ ಬರ್ಯಾಕ ಹತ್ತೇನಿ. ಹುಲಿಗೇಶ ಬಾಗಲದಾಗ ನಿಂತು ಬಸ್ಸ ತಪ್ಪತೈತಿ ಅಂತ ಒದರ್ಯಾಕ ಹತ್ತ್ಯಾನ. ನಿಮ್ಮ ಮಾವ ಎದ್ದಕೂಡ್ಲೆ ಕಟ್ಟಿ ಮ್ಯಾಲ ಬಸ್ ಸುರು ಆಗಿತ್ತು. ಇವತ್ತ ನೀಲಾನೂ ಹತ್ತಿ ಕುಂತ್ಲು. ಗಂಗಿ ಸೀಟಿ ಊದಿ ನಿಮ್ಮ ಮಾವನ ಕಡಿಂದ ಎಲಿ ಇಸ್ಕೊಂಡ್ಲು, ನನಗ ಫ್ರೀ ಕೊಟ್ಲು. ತಾಯಿ ಮುಂದ ನಿಂತು ಒಂದ ಟಿಕೆಟ್ ಕೈಯಾಗ ಇಟ್ಲು, ಇನ್ನೊಂದು ಹರದು ಹೊಟ್ಟಿ ಮ್ಯಾಲ ಇಟ್ಲು. ನೀಲಾ ನಕ್ಕೋತ "ಇದಕ್ಕ ಎಷ್ಟ ಎಲಿ ಕೊಡಬೇಕ್ರಿ ಕಂಡಕ್ಟರ್ ಸಾಹೇಬ್ರ?" ಅಂದ್ಲು. "ಬ್ಯಾಡ, ಇಬ್ಬರಿಗೂ ಫ್ರೀ" ಅಂದ್ಲು ಗಂಗಿ. ಅಂದಾಕಿನ ಬಾಯಿ ಮುಚ್ಕೊಂಡು ನನ್ನ ಕಡಿ ನೋಡಿದ್ಲು. ನೀಲಾ ಇನ್ನೂ ನಗಾಕ ಹತ್ತಿದ್ಲು, ಆಕಿಗೆ ತಿಳೀಲಿಲ್ಲ. ಗಂಗಿ ಓಡಿ ಬಂದು ನನ್ನ ಕಿವ್ಯಾಗ "ಅಪ್ಪಗ ಹೇಳಬ್ಯಾಡ ಆಯಿ, ನಾ ಬಾಯಿಲೆ ಹೇಳಿಲ್ಲ, ಬರೇ ಟಿಕೆಟ್ ಕೊಟ್ಟೇನಿ" ಅಂದ್ಲು. ಆಕಿ ತಲಿ ಮ್ಯಾಲ ಕೈ ಇಟ್ಟು ಹೇಳಂಗಿಲ್ಲ ಅಂತ ಆಣಿ ಮಾಡೇನಿ. ಹೇಳಿಲ್ಲ, ಬರದೇನಿ. ನೀನೂ ಏನೂ ಗೊತ್ತಿಲ್ಲದಾಂವನಂಗ ಬಾ. ಬರೂಮುಂದ 'ಏನ ಹಡೀತಾಳ' ಅಂತ ಕೇಳಬ್ಯಾಡ, ಬಂದು ಕಟ್ಟಿ ಮ್ಯಾಲ ಕುಂಡ್ರು. ಅಗಸಿ ಬೇವಿನ ಗಿಡದಾಗಿಂದ ಒಂದ ಎಲಿ ಮಾತ್ರ ಕಿತ್ಕೊಂಡು ಬಾ. ನಿನಗ ಫ್ರೀ ಇಲ್ಲ.